ಒಂದು ಗಂಟೆಯ ಹಾರಾಟ ಎಂಬ ತಪ್ಪು ಲೆಕ್ಕ

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣ ಕನಕಪುರ ರಸ್ತೆಯಲ್ಲಿ ಆಗಬೇಕೇ, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಆಗಬೇಕೇ ಎಂಬ ಜಗ್ಗಾಟದ ನಡುವೆ, ರಾಜ್ಯದೊಳಗಿನ ಪ್ರಯಾಣಕ್ಕೆ ವಿಮಾನವೇ ತಕ್ಕ ಸಾಧನವೇ ಎಂಬ ಮೂಲ ಪ್ರಶ್ನೆ ಬದಿಗೆ ಸರಿದಿದೆ. ಬೆಂಗಳೂರು–ಮಂಗಳೂರು ಮಾರ್ಗ ಇದಕ್ಕೆ ತಕ್ಕ ನಿದರ್ಶನ.

ಈ ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 300 ಕಿ.ಮೀ.; ರಸ್ತೆಯ ದೂರ ಸುಮಾರು 350 ಕಿ.ಮೀ. ಟಿಕೆಟ್‌ನಲ್ಲಿ ಕಾಣುವ ಸುಮಾರು ಒಂದು ಗಂಟೆಯ ಅವಧಿ 'ಬ್ಲಾಕ್ ಟೈಮ್', ಅಂದರೆ ವಿಮಾನವು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಸಮಯ; ಪ್ರಯಾಣಿಕನು ಮನೆಯಿಂದ ಹೊರಟು ಮನೆ ಸೇರುವ ಸಮಯವಲ್ಲ. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳ ಸಂಚಾರ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರವಾದ ಮೇಲೆ, ಪಡುವಣ ಕರಾವಳಿಗೆ ಹೋಗಬೇಕಾದ ಕೆಂಗೇರಿಯ ಪ್ರಯಾಣಿಕನು ಮೊದಲು ಇಡೀ ನಗರವನ್ನು ದಾಟಿ ಉತ್ತರಕ್ಕೆ ಸಾಗಬೇಕು, ಹೊರಡುವ ಸಮಯಕ್ಕೆ ಒಂದು ಗಂಟೆ ಮೊದಲೇ ಮುಚ್ಚುವ ಚೆಕ್-ಇನ್ ಕೌಂಟರ್ ಸೇರಬೇಕು, ಇಳಿದ ಮೇಲೆ ಬಜ್ಪೆಯ ಗುಡ್ಡದಿಂದ ಮತ್ತೆ ಪೇಟೆಗೆ ಬರಬೇಕು. ಇದನ್ನೆಲ್ಲ ಕೂಡಿಸಿದರೆ ಐದು ಗಂಟೆ ತಗಲುವುದು ಸಾಮಾನ್ಯ.

ಹೆಚ್ಚುಕಡಿಮೆ ಇಷ್ಟೇ ದೂರದ ಬೆಂಗಳೂರು–ಚೆನ್ನೈ ನಡುವೆ ವಂದೇ ಭಾರತ್ ರೈಲು ನಾಲ್ಕೂವರೆ ಗಂಟೆಯೊಳಗೆ ನಗರದ ನಡುವಿನಿಂದ ನಗರದ ನಡುವಿಗೆ ಕರೆದೊಯ್ಯುತ್ತದೆ. ಮಂಗಳೂರಿನ ರೈಲಿಗೆ ಒಂಬತ್ತು-ಹತ್ತು ಗಂಟೆ ಬೇಕು. ಇದಕ್ಕೆ ಘಾಟಿಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿಯಾಗಿದ್ದು, ಆ ಮಾತನ್ನು ಒರೆಗೆ ಹಚ್ಚಲೇಬೇಕಾಗಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. 50 ಮೀಟರ್ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಏರುತ್ತದೆ. ಗಾಡಿಯನ್ನು ಮೇಲೇರಿಸಲು 'ಬ್ಯಾಂಕರ್' ಎಂಬ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. ವೇಗ ಗಂಟೆಗೆ 30 ಕಿ.ಮೀ.ಗೆ ಸೀಮಿತ. ಇಷ್ಟಾದರೂ ಆ ವೇಗದಲ್ಲಿ ಘಾಟಿಯನ್ನು ದಾಟಲು ಬೇಕಾಗುವುದು ಎರಡು ಗಂಟೆಗಿಂತ ಕಡಿಮೆ. ಎಂಜಿನ್ ಜೋಡಿಸುವ, ಬಿಡಿಸುವ ಹೊತ್ತನ್ನು ಸೇರಿಸಿದರೂ ಉಳಿದ ಸುಮಾರು 300 ಕಿ.ಮೀ.ಗೆ ಆರೇಳು ಗಂಟೆ ಹಿಡಿಯುತ್ತಿದೆ. ಈ ವಿಳಂಬಕ್ಕೆ ಘಾಟಿಯನ್ನು ಹೊಣೆ ಮಾಡುವಂತಿಲ್ಲ. ಹೆಚ್ಚಿನ ಭಾಗ ಒಂಟಿ ಹಳಿಯಾಗಿರುವುದರಿಂದ ಎದುರಿನ ಗಾಡಿಗೆ ದಾರಿ ಬಿಟ್ಟು ಕಾಯಬೇಕಾದ 'ಕ್ರಾಸಿಂಗ್' ಮತ್ತು ಈ ಮಾರ್ಗವನ್ನು ಕಡೆಗಣಿಸಿದ ವೇಳಾಪಟ್ಟಿ ಇದರ ನಿಜವಾದ ಕಾರಣಗಳು.

ಘಾಟಿಯಲ್ಲೂ ಜೋಡಿ ಹಳಿ ಹಾಕಬೇಕೆಂಬ ಕೂಗು ಈ ಕಾರಣದಿಂದಲೇ ದಾರಿ ತಪ್ಪಿದ್ದು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳೇ ನಿಂತುಹೋದುದನ್ನು ಕಂಡವರು, ಅದೇ ಗುಡ್ಡವನ್ನು ಇನ್ನೊಮ್ಮೆ ಕೊರೆಯುವ ಮಾತನ್ನು ಹಗುರವಾಗಿ ಆಡಬಾರದು. ಅಲ್ಲಿ ಬೇಕಾದುದು ಇಳಿಜಾರುಗಳ ರಕ್ಷಣೆ. ಜೋಡಿ ಹಳಿ ಬೇಕಾದುದು ಬೆಂಗಳೂರು–ಹಾಸನದ ಬಯಲಿನಲ್ಲಿ, ಕಾಡು ಕಡಿಯದೆ ವೇಗ ಹೆಚ್ಚಿಸಬಹುದಾದ ಕಡೆ.

ಕರಾವಳಿಯ ಮತ್ತು ಹಾಸನದ ಸಂಸದರು ಪಕ್ಷಭೇದ ಮರೆತು ಈ ಒಂದೇ ಬೇಡಿಕೆಯನ್ನು ರೈಲ್ವೆ ಸಚಿವಾಲಯದ ಮುಂದಿಡಬೇಕು. ಹೊಸ ವಿಮಾನ ನಿಲ್ದಾಣಕ್ಕಾಗಿ ರೈತರ ಭೂಮಿಯನ್ನು ಕೇಳುವ ಮೊದಲು ಸರ್ಕಾರ ಮನೆಯಿಂದ ಮನೆಗೆ ತಗಲುವ ಸಮಯದ ಲೆಕ್ಕವನ್ನು ಜನರ ಮುಂದಿಡಬೇಕು.