ಹಲ್ಲುನೋವಿಗೂ ಹಂಗಾಮೇ?

ಹಲ್ಲು ಹುಳುಕಾದ ದುಡಿಮೆಗಾರ ಇ.ಎಸ್.ಐ. ಬಾಗಿಲಿಗೆ ಹೋದರೆ ಮೊದಲು ಬಾಯಿ ತೆರೆ ಎನ್ನುವುದಿಲ್ಲ. ನೀನು ಎಲ್ಲಿಯ ಆಳು, ಅಲ್ಲಿ ಎಷ್ಟು ಜನ, ನಿನ್ನ ಸಂಬಳವೆಷ್ಟು ಎಂಬುದೇ ಮೊದಲ ಪ್ರಶ್ನೆ!

ವಿಮೆಯ ಒಳಗಿದ್ದವನಿಗೆ ಹಲ್ಲಿನ ಚಿಕಿತ್ಸೆಯೂ ಹಕ್ಕೇ. ಇ.ಎಸ್.ಐ. ನಿಗಮ ಕಲಬುರಗಿಯಲ್ಲಿ ದಂತ ವೈದ್ಯ ಕಾಲೇಜನ್ನೇ ನಡೆಸುತ್ತಿದೆ. ವೈದ್ಯರಿಗೆ ಬರವಿಲ್ಲ, ಬರವಿರುವುದು ಒಳಗೆ ಬಿಟ್ಟುಕೊಳ್ಳುವ ಮನಸ್ಸಿಗೆ.

ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆಯನ್ನು ಎಲ್ಲರೂ ಬಲ್ಲರು. 1948ರ ಇ.ಎಸ್.ಐ. ಕಾಯಿದೆ "ಹಂಗಾಮಿ ಕಾರ್ಖಾನೆ"ಗಳನ್ನು ಹೊರಗಿಟ್ಟಿತು. ಹತ್ತಿ ಬಿಡಿಸುವುದು, ಕಾಫಿ, ಚಹ, ರಬ್ಬರ್, ಸಕ್ಕರೆ, ಬೆಲ್ಲ, ಇವನ್ನಷ್ಟೇ ಮಾಡುವ ಕಾರ್ಖಾನೆಗಳೆಲ್ಲ ಆ ಪಟ್ಟಿಯಲ್ಲಿವೆ. ಎಪ್ಪತ್ತೆರಡು ವರ್ಷವಾದ ಮೇಲೆ, 2020ರಲ್ಲಿ, ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಹೆಸರಿಟ್ಟು ಕಾಯಿದೆ ಬರೆದರು. 2025ರ ನವೆಂಬರ್ 21ರಂದು ಜಾರಿಗೆ ತಂದರು. ಹೊರಗಿಡುವ ಮಾತು ಮಾತ್ರ ಹಾಗೇ ಉಳಿಯಿತು! ಕಬ್ಬು ನುರಿಸುವುದು ಕೆಲವು ತಿಂಗಳಾದರೂ, ಮಿಲ್ಲು ನಿಂತ ಮೇಲೆ ಯಂತ್ರ ಬಿಚ್ಚಿ, ಒರೆಸಿ, ಜೋಡಿಸುವ ಕೈಗಳು ಅಲ್ಲಿಯೇ ಇರುತ್ತವೆ. ಅವರ ಹಲ್ಲು ಹಂಗಾಮು ನೋಡಿ ನೋಯುತ್ತದೆಯೇ? ಊರಿಗೆಲ್ಲ ಸಿಹಿ ಹಂಚುವವನ ಹಲ್ಲಿಗೆ ಕಾಯಿದೆ ತೋರಿಸುವ ನ್ಯಾಯ ಇದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬ್ಯಾರನ್ನುಗಳ ಹೆಣ್ಣಾಳುಗಳ ಪಾಡು ಇನ್ನೂ ಕಡೆ. ಹತ್ತು ಜನರಿದ್ದರೆ ಸಂಸ್ಥೆ, ಒಂಬತ್ತಾದರೆ ಏನೂ ಅಲ್ಲ.

ವರ್ತಕ ಬಂಧುಗಳೇ, ಇದು ಮಿಲ್ಲಿನವರ ಜಗಳ ಎಂದು ಸುಮ್ಮನಿರಬೇಡಿ. ಹತ್ತಕ್ಕಿಂತ ಕಡಿಮೆ ಆಳಿರುವ ಅಂಗಡಿಯೂ, ಮಾಲೀಕನೂ ಬಹುಪಾಲು ಆಳುಗಳೂ ಒಪ್ಪಿದರೆ, ವಿಮೆಗೆ ಸೇರಬಹುದೆಂದು ಹೊಸ ಸಂಹಿತೆ ಹೇಳುತ್ತದೆ. ಸರಿ, ಗಲ್ಲಾದ ಮೇಲೆ ಕುಳಿತ ನೀವು? ನೀವು ಯಾರ ಆಳೂ ಅಲ್ಲವಾದ್ದರಿಂದ ನಿಮಗೆ ಜಾಗವಿಲ್ಲ.

ಖರ್ಚು ಹೆಚ್ಚೆಂದು ಕೆಲವು ಮಹಾಶಯರು ಗೊಣಗುತ್ತಾರೆ. 2019ರ ಜುಲೈಯಲ್ಲಿ ನಿಗದಿಯಾದ ದರ ನೋಡಿ: ಕೆಲಸಗಾರನಿಂದ ಶೇಕಡ 0.75, ಮಾಲೀಕನಿಂದ 3.25. ತಿಂಗಳಿಗೆ 12,000 ಸಂಬಳವಾದರೆ 90 ರೂಪಾಯಿ, 390 ರೂಪಾಯಿ. ಇದಕ್ಕೆ ಯಾವ ಮಿಲ್ಲು ಮುಳುಗೀತು? ಅದಕ್ಕಿಂತ ಮೊದಲು ಮಾಲೀಕರ ಪಾಲು 4.75 ಇತ್ತು; ಆಗಲೂ ಯಂತ್ರಗಳು ತಿರುಗುತ್ತಿದ್ದವು.

ಸಕ್ಕರೆಯ ಮಾತನ್ನು ಪಟ್ಟಿಯಿಂದ ಕಿತ್ತುಹಾಕಿ. ಹತ್ತರ ಲೆಕ್ಕ ಬಿಡಿ. ಚಿಕ್ಕ ವರ್ತಕನಿಗೂ ತನ್ನ ವಂತಿಗೆ ಕಟ್ಟಿ ಸೇರುವ ದಾರಿ ಮಾಡಿ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಮತ ಕೇಳಲು ಬರುವವರನ್ನು ಸಂತೆಬೀದಿಯಲ್ಲೇ ನಿಲ್ಲಿಸಿ, ಈ ಮೂರಕ್ಕೂ ಉತ್ತರ ಕೇಳಿರಿ.