ಹೇಳಿದ್ದು ಮುಟ್ಟಿತೇ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರು ವಿಮಾನ ಹತ್ತಲು ಬೆಳಗಾವಿಯ ಸಾಂಬ್ರಾಕ್ಕೆ ಹೋಗುವುದುಂಟು. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಆ ಸಾಂಬ್ರಾದಲ್ಲಿ 2021ರ ಅಕ್ಟೋಬರ್ 24ರಂದು, ಹೈದರಾಬಾದಿನಿಂದ ಬಂದ ಸ್ಪೈಸ್‌ಜೆಟ್ ವಿಮಾನಕ್ಕೆ 26ನೇ ರನ್‌ವೇಯಲ್ಲಿ ಇಳಿಯಲು ಅನುಮತಿ ಸಿಕ್ಕಿತ್ತು. ಅದು ಇಳಿದದ್ದು 08ರಲ್ಲಿ.

ಅಂಕಿ ಎರಡಾದರೂ ರನ್‌ವೇ ಒಂದೇ. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ 26, ಪೂರ್ವಕ್ಕೆ ಮುಖ ಮಾಡಿದರೆ 08. ಅಂದರೆ ವಿಮಾನ ಹೇಳಿದ ದಿಕ್ಕಿಗೆ ನೇರ ಎದುರಿನಿಂದ ಬಂದು ನೆಲ ಮುಟ್ಟಿತು. ಅನಾಹುತವಾಗಲಿಲ್ಲ. ಪೈಲಟ್‌ಗಳನ್ನು ಹಾರಾಟದಿಂದ ದೂರವಿಟ್ಟು ತನಿಖೆ ನಡೆಸಿದರು.

ಇಂಥದ್ದು ಆಗದಿರಲೆಂದೇ ವಿಮಾನಯಾನದಲ್ಲಿ ಒಂದು ಕಟ್ಟಳೆ ಇದೆ. ನಿಯಂತ್ರಕರು ಹೇಳಿದ ರನ್‌ವೇ, ಎತ್ತರ, ದಿಕ್ಕನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಅದನ್ನು ನಿಯಂತ್ರಕರು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಬರೀ ‘ಆಯ್ತು’ ಎಂದರೆ ಸಾಲದು.

ಅಷ್ಟಾದರೂ ಮಾತು ಎಡವಬಹುದು. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ಹೇಳಿದ್ದರು. ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಯ ಮಿತಿ. ಕಜಕ್ ವಿಮಾನ 15,000 ಮುಟ್ಟಿದ್ದೇವೆ ಎಂದು ತಿಳಿಸಿದ ಮೇಲೂ ಅಲ್ಲಿ ನಿಲ್ಲದೆ ಇಳಿಯುತ್ತಲೇ ಹೋಯಿತು. ನಿಯಂತ್ರಕರ ಜೊತೆ ಮಾತಾಡುತ್ತಿದ್ದ ರೇಡಿಯೋ ಆಪರೇಟರ್ ಎದುರು ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ಪೈಲಟ್‌ಗಳ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. ಚರ್ಖಿ ದಾದ್ರಿಯ ಮೇಲೆ ಎರಡೂ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಮಾತು ಕೇಳಿಸಿಕೊಂಡವರು ಒಬ್ಬರು, ವಿಮಾನ ನಡೆಸುತ್ತಿದ್ದವರು ಇನ್ನೊಬ್ಬರು.

ಬೆಂಗಳೂರಿನಲ್ಲಿ 2022ರ ಜನವರಿ 7ರಂದು ಮಾತು ಹೊರಡಲೇ ಇಲ್ಲ. ಒಂದೇ ರನ್‌ವೇ ಬಳಸುವ ತೀರ್ಮಾನ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಿಳಿಯಲಿಲ್ಲ. ಅಕ್ಕಪಕ್ಕದ ರನ್‌ವೇಗಳಿಂದ ಮೇಲೆದ್ದ ಎರಡು ಇಂಡಿಗೋ ವಿಮಾನಗಳು ಒಂದರತ್ತ ಒಂದು ಸಾಗಿದವು. ರಾಡಾರ್ ನಿಯಂತ್ರಕರು ಸಕಾಲಕ್ಕೆ ಗಮನಿಸಿ ದಿಕ್ಕು ಬದಲಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜೀವ ಉಳಿದವು.

ಈ ಶಿಸ್ತು ಆಕಾಶಕ್ಕಷ್ಟೇ ಏಕಿರಬೇಕು? ಮಳೆಗಾಲದಲ್ಲಿ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ರಾಜಾಪುರ ಬ್ಯಾರೇಜಿನ ಲೆಕ್ಕವಾಗಿ, ಕ್ಯೂಸೆಕ್‌ಗಳಾಗಿ, ಮರಾಠಿಯಿಂದ ಕನ್ನಡಕ್ಕೆ ದಾಟಿ ನಮ್ಮ ನದಿ ದಂಡೆಗೆ ಬರುತ್ತದೆ. ಕಲ್ಲೋಳ–ಯಡೂರ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. 2005 ಮತ್ತು 2019ರಲ್ಲಿ ಕೃಷ್ಣೆ ಮಾಡಿದ ಹಾನಿಯನ್ನು ಅಥಣಿ, ಕಾಗವಾಡದ ಊರುಗಳು ಇನ್ನೂ ಮರೆತಿಲ್ಲ. ಮೇಲಿನವರು ‘ತಿಳಿಸಿದ್ದೇವೆ’ ಎನ್ನುತ್ತಾರೆ, ದಂಡೆಯವರು ‘ನಮಗೆ ಯಾರೂ ಹೇಳಲಿಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ.

ವಾಟ್ಸ್‌ಆ್ಯಪ್‌ನ ನೀಲಿ ಗೀಟು ಉತ್ತರವಲ್ಲ. ಎಷ್ಟು ನೀರು, ಎಷ್ಟು ಹೊತ್ತಿಗೆ, ಯಾವ ಸೇತುವೆ ಬಂದ್ ಎಂಬ ಮೂರು ಮಾತನ್ನು ಊರಿನ ಜವಾಬ್ದಾರಿ ಹೊತ್ತವರು ತಾಲ್ಲೂಕು ಕಚೇರಿಗೆ ತಿರುಗಿ ಹೇಳಲಿ. ಕಚೇರಿ ಕೇಳಿ ಖಚಿತ ಮಾಡಲಿ. ಬ್ಯಾರಿಕೇಡ್ ಹಾಕುವ ಕೈಗೂ ಅದೇ ಮಾತು ತಲುಪಲಿ. ಇದಕ್ಕೆ ಅನುದಾನ ಬೇಕಿಲ್ಲ. ಐದೂ ತಾಲ್ಲೂಕುಗಳ ತಹಶೀಲ್ದಾರರು ಮುಂದಿನ ಮಳೆಗಾಲಕ್ಕೆ ಮೊದಲೇ ಇದನ್ನು ರೂಢಿಗೆ ತರಬೇಕು.