ಫಿರಂಗಿ ಮೊದಲೇ ಬಂದಿದ್ದರೆ...

ಈಚೆಗೆ ಹೊಳಲ್ಕೆರೆಯಲ್ಲಿ ಪ್ರೌಢಶಾಲಾ ಮಕ್ಕಳ ಭಾಷಣ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ನಿವೃತ್ತ ಮೇಷ್ಟರುಗಳಿಗೆ ಉಳಿದಿರುವ ಕೆಲವೇ ಗೌರವಗಳಲ್ಲಿ ಇದೂ ಒಂದು. ಒಬ್ಬ ಹುಡುಗ, 2025ರ ಮೇ ತಿಂಗಳಿನಲ್ಲಿ ನಮ್ಮ ಸೈನ್ಯದ ಎಲ್-70 ಫಿರಂಗಿಗಳು ಪಾಕಿಸ್ತಾನದ ಡ್ರೋನುಗಳನ್ನು ಹೊಡೆದುರುಳಿಸಿದ ಸಂಗತಿಯಿಂದ ಆರಂಭಿಸಿದ. ಆ ಫಿರಂಗಿಯ ಹಿರಿಯಣ್ಣನಾದ ಸ್ವೀಡನ್ನಿನ 40 ಮಿಲಿಮೀಟರ್ ಬೋಫೋರ್ಸ್ ಎರಡನೆಯ ಮಹಾಯುದ್ಧದ ಆರಂಭಕ್ಕೇ ಭಾರತಕ್ಕೆ ಬಂದಿದ್ದರೆ ವಿಶಾಖಪಟ್ಟಣದ ಮೇಲೆ ಬಾಂಬು ಬೀಳುತ್ತಿರಲಿಲ್ಲ, ಏಷ್ಯದ ಇತಿಹಾಸವೇ ಬದಲಾಗುತ್ತಿತ್ತು ಎಂದು ಗುಡುಗಿದ. ಸಭೆ ಚಪ್ಪಾಳೆ ತಟ್ಟಿತು. ಉಳಿದಿಬ್ಬರು ತೀರ್ಪುಗಾರರು ಅವನಿಗೆ ಪ್ರಥಮ ಬಹುಮಾನ ಎಂದರು. ನಾನು ಆಕ್ಷೇಪಿಸಿದಾಗ ಒಬ್ಬರು, “ಏನ್ ಸಾರ್, ಮಕ್ಕಳ ದೇಶಾಭಿಮಾನಕ್ಕೂ ಕೆಂಪು ಶಾಯಿ ಹಾಕ್ತೀರಾ?” ಎಂದು ನಕ್ಕರು.

ಹುಡುಗನ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಸಿಟ್ಟಿರುವುದು, ಒಂದು ‘ರೆ’ ಪ್ರತ್ಯಯದ ಮೇಲೆ ಇಡೀ ಇತಿಹಾಸವನ್ನು ಕಟ್ಟಿ ಮಕ್ಕಳ ಬಾಯಿಗೆ ತುರುಕುವ ದೊಡ್ಡವರ ಮೇಲೆ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ವಾದಕ್ಕಾಗಿ ಒಪ್ಪಿಕೊಳ್ಳೋಣ. ಆ ಫಿರಂಗಿಯ ಕೆಲಸ ಸ್ವೀಡನ್ನಿನಲ್ಲಿ ಶುರುವಾದದ್ದು 1928ರಲ್ಲಿ. ಬ್ರಿಟನ್ ಅದನ್ನು ಕೊಳ್ಳಲು ಮುಂದಾದದ್ದು 1937ರಲ್ಲಿ. ಎರಡು ವರ್ಷ ಮೊದಲೇ ಕೊಂಡಿತೆಂದೇ ಇಟ್ಟುಕೊಳ್ಳಿ. ಆದರೆ ಅದು ಯಾರ ಫಿರಂಗಿ? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದರು. ಯುದ್ಧಕ್ಕೆ ಸೇರುವುದನ್ನೇ ತೀರ್ಮಾನಿಸಲಾಗದ ದೇಶ, ಫಿರಂಗಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುತ್ತಿತ್ತೇ? ಹೆಚ್ಚಿಗೆ ಬಂದ ಫಿರಂಗಿಗಳು ಮೊದಲು ಲಂಡನ್ನಿನ ಆಕಾಶವನ್ನೇ ಕಾಯುತ್ತಿದ್ದವು. 1942ರ ಏಪ್ರಿಲ್ 6ರಂದು ಕಾಕಿನಾಡ, ವಿಶಾಖಪಟ್ಟಣಗಳ ಮೇಲೆ ಜಪಾನಿ ಬಾಂಬುಗಳು ಬಿದ್ದಾಗ ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಮೃಗಾಲಯದ ಕ್ರೂರ ಪ್ರಾಣಿಗಳನ್ನು ಸರ್ಕಾರವೇ ಗುಂಡಿಟ್ಟು ಕೊಲ್ಲಿಸಿತು. ಕೊರತೆಯಿದ್ದದ್ದು ಫಿರಂಗಿಗಷ್ಟೇ ಅಲ್ಲ, ನಮ್ಮದೆನ್ನುವ ಸರ್ಕಾರಕ್ಕೆ.

ಇನ್ನು ಫಿರಂಗಿ ಇದ್ದಲ್ಲಿ ಏನಾಯಿತು? 1941ರ ಡಿಸೆಂಬರ್ 10ರಂದು ಮಲಯದ ಕಡಲಿನಲ್ಲಿ ಜಪಾನಿ ವಿಮಾನಗಳು ಮುಳುಗಿಸಿದ ‘ಪ್ರಿನ್ಸ್ ಆಫ್ ವೇಲ್ಸ್’ ಯುದ್ಧನೌಕೆಯ ಮೇಲೆ ವಿಮಾನವಿರೋಧಿ ಫಿರಂಗಿಗಳ ಸಾಲೇ ಇತ್ತು. ಒಂದು ಬೋಫೋರ್ಸ್ ಕೂಡ ಇತ್ತು. ಆದರೆ ಉಷ್ಣವಲಯದ ಸೆಕೆಗೆ ಗುರಿ ತೋರುವ ರೇಡಾರುಗಳು ಕೆಟ್ಟಿದ್ದವು. ‘ಪಾಂಪಾಂ’ ಫಿರಂಗಿಗಳ ತೋಟಾಗಳು ಹಾಳಾಗಿ, ಅವು ಮತ್ತೆ ಮತ್ತೆ ಕಚ್ಚಿಕೊಂಡು ನಿಂತವು. ನಮ್ಮ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಕಲ್ಲಿನ ಕಟ್ಟೆ ಭದ್ರವಾಗಿಯೇ ಇತ್ತು. ವೇದಾವತಿಯಲ್ಲಿ ನೀರು ಬರಬೇಕಿತ್ತು. ಮದ್ದುಗುಂಡು, ತರಬೇತಿ, ದುರಸ್ತಿ, ಇವೇ ಫಿರಂಗಿಯ ವೇದಾವತಿ.

ಅಮೆರಿಕ 1941ರಲ್ಲಿ ಇದೇ ಬೋಫೋರ್ಸನ್ನು ಕೈಗೆತ್ತಿಕೊಂಡಾಗ ಮೊದಲು ಮಾಡಿದ ಕೆಲಸವೆಂದರೆ, ಒಂದೊಂದು ಭಾಗವನ್ನೂ ಕೈಯಲ್ಲಿ ಅರದಿಂದ ಉಜ್ಜಿ ಕೂಡಿಸಬೇಕಿದ್ದ ಆ ಯಂತ್ರದ ನಕ್ಷೆಗಳನ್ನೆಲ್ಲ ತಮ್ಮ ಅಳತೆಗೆ ಮರುಬರೆದು, ಕಾರು ಮಾಡುವ ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಿಸುವಂತೆ ಮಾಡಿದ್ದು. ನಮ್ಮಲ್ಲಿ? ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬಂಡವಾಳದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದ ಅದೇ 1942ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ವಿಮಾನ ತಯಾರಿಕೆ ಹಿಂದೆ ಸರಿದು ದುರಸ್ತಿಯ ಕೆಲಸ ಮುಂದಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕನ್ ಸೈನ್ಯದ ಕೈಗೆ ಹೋಯಿತು. ಮಕ್ಕಳಿಗೆ ಹೇಳಬೇಕಾದ ಕಥೆ ಇದು. ನಮ್ಮವರಿಗೆ ಕೈಯಿತ್ತು, ಕೆಲಸ ಕಲಿಯುವ ಹಂಬಲವಿತ್ತು, ಅಧಿಕಾರವಿರಲಿಲ್ಲ.

ಹುಡುಗನ ಮೊದಲ ಉದಾಹರಣೆಯೇ ಅವನ ವಾದವನ್ನು ಮುರಿಯುತ್ತದೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಎಲ್-70 ನಮ್ಮ ಸೈನ್ಯಕ್ಕೆ ಸೇರಿದ್ದು 1960ರ ದಶಕದಲ್ಲಿ. ಅರವತ್ತು ವರ್ಷದ ಮುದಿ ಫಿರಂಗಿ 2025ರಲ್ಲಿ ಡ್ರೋನನ್ನು ಹೊಡೆದದ್ದು, 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಅದಕ್ಕೆ ಹೊಸ ಕಣ್ಣು ಜೋಡಿಸಿದ್ದರಿಂದ. ದುರ್ಗದವರಿಗೆ ಈ ಪಾಠ ಹೊಸದೇ? ಒಬವ್ವನ ಕೈಯಲ್ಲಿದ್ದ ಒನಕೆ ಊರಿನ ಮನೆಮನೆಯಲ್ಲಿಯೂ ಇತ್ತು. ಅಪರೂಪವಾಗಿದ್ದದ್ದು, ಕಿಂಡಿಯ ಮೇಲೆ ನೆಟ್ಟ ಅವಳ ಕಣ್ಣು.

ಹಾಗೆಂದು ‘ರೆ’ ಪ್ರತ್ಯಯವನ್ನು ಇತಿಹಾಸದ ತರಗತಿಯಿಂದ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಕಾರಣಗಳನ್ನು ತೂಗಿ ನೋಡಲು ಅದು ಒಳ್ಳೆಯ ತಕ್ಕಡಿ. ಆದರೆ ಒಂದು ಬದಲಾವಣೆ ಮಾಡಿದಾಗ, ಅದರೊಡನೆ ಇನ್ನೇನೇನು ಬದಲಾಗಬೇಕಿತ್ತು ಎಂದು ಕೇಳದಿದ್ದರೆ ಅದು ಇತಿಹಾಸವಲ್ಲ, ಹಗಲುಗನಸು. ಆಯುಧ ಕೊಂಡರೆ ಸಾಕು, ಶಾಲೆ, ಪ್ರಯೋಗಶಾಲೆ, ಕಾರ್ಖಾನೆ ಆಮೇಲೆ ನೋಡೋಣ ಎನ್ನುವ ಮನೋಭಾವ ಈ ಹಗಲುಗನಸಿನಿಂದಲೇ ಬೆಳೆಯುತ್ತದೆ. ನಮ್ಮ ಜಿಲ್ಲೆಯ ಎಷ್ಟು ಪ್ರೌಢಶಾಲೆಗಳಲ್ಲಿ ವಿಜ್ಞಾನದ ಉಪಕರಣಗಳು ಬೀರುವಿನಿಂದ ಹೊರಗೆ ಬರುತ್ತವೆ, ಓದುಗ ಮಿತ್ರರೇ, ನೀವೇ ಹೋಗಿ ನೋಡಿ ಬನ್ನಿ.

ಇಬ್ಬರ ಎದುರು ಒಬ್ಬನ ಮಾತು ನಡೆಯಲಿಲ್ಲ. ಬಹುಮಾನ ಅವನಿಗೇ ಹೋಯಿತು. ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗನೇ ಬಂದು, “ಸಾರ್, ನಂದು ಎಲ್ಲಿ ತಪ್ಪಾಯ್ತು?” ಎಂದು ಕೇಳಿದ. ಚಪ್ಪಾಳೆ ತಟ್ಟಿದವರಾರೂ ಕೇಳದ ಪ್ರಶ್ನೆ. ಹೊಸದುರ್ಗದ ಬಸ್ಸು ಬರುವವರೆಗೂ ಇಬ್ಬರೂ ಮಾತಾಡಿದೆವು. ಪ್ರಥಮ ಬಹುಮಾನಕ್ಕೆ ಅವನು ಯೋಗ್ಯನೇ ಎಂದು ನನಗೆ ಅನ್ನಿಸಿದ್ದು ಆಗ.